ಮುಂದೆ 44, ಹಿಂದೆ 18

ಒಲೆಗೆ ಇನ್ನೊಂದು ಕುಂಟೆ ದೂಡಿ, ಹೇಳುತ್ತೇನೆ. ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ಹೊಸಬಾಳೆಯಲ್ಲಿ ಆಗ ಸೈಕಲ್ ಅಂದರೆ ಕಪ್ಪಗೆ, ಎತ್ತರಕ್ಕೆ, ನಡುವೆ ಬಾರು ಇರುವ ಸೈಕಲ್. ಸೋನೆಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ, ಮದ್ರಾಸಿನ ಹರ್ಕ್ಯುಲಿಸ್. ಹೆಸರು ಮೂರಾದರೂ ಮೈಕಟ್ಟು ಒಂದೇ. ಹಾಲಿನ ಕ್ಯಾನು, ಹಿಂಡಿ ಚೀಲ, ಅಡಿಕೆ ಮೂಟೆ, ಬಾಣಂತಿ, ಬೀಗರು ಎಲ್ಲ ಹೋಗುತ್ತಿದ್ದದ್ದು ಅದರ ಕ್ಯಾರಿಯರಿನ ಮೇಲೆಯೇ. ಹುಡುಗರು ಕಲಿಯುತ್ತಿದ್ದದ್ದೂ ಅದರಲ್ಲೇ. ಬಾರು ದಾಟಿ ಕಾಲು ಹಾಕುವ ಎತ್ತರ ಬರುವವರೆಗೆ ಬಾರಿನ ಅಡಿಯಿಂದ ಕಾಲು ತೂರಿಸಿ, ಸೊಂಟ ಓರೆ ಮಾಡಿ, ಒಳಪೆಡಲ್ ಹೊಡೆಯಬೇಕು. ಮೊಣಕಾಲಿನ ಗಾಯ ಮಾಗುವ ಮೊದಲೇ ಮತ್ತೊಂದು ಗಾಯ.

ಅಂಥ ಊರಿಗೆ ಒಂದು ಬಿಎಂಎಕ್ಸ್ ಬಂತು. ಬೆಂಗಳೂರಿನಲ್ಲಿದ್ದ ಅತ್ತೆಯ ಮಗ ಉದ್ದ ಬೆಳೆದುಬಿಟ್ಟಿದ್ದ, ಅವನಿಗೆ ಅದು ಸಾಲದಾಯಿತು. ಕೆಂಪು ಬಸ್ಸಿನ ಟಾಪ್ ಮೇಲೆ ಹಗ್ಗ ಬಿಗಿಸಿಕೊಂಡು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಸೈಕಲ್ಲು ನನ್ನ ತಮ್ಮನ, ಅಂದರೆ ಚಿಕ್ಕಪ್ಪನ ಮಗನ ಪಾಲಾಯಿತು. ಅವನಿಗಾಗ ಹನ್ನೆರಡೋ ಏನೋ. 20 ಇಂಚಿನ ಪುಟ್ಟ ಗಾಲಿ, ಮುಳ್ಳು ಮುಳ್ಳಾದ ದಪ್ಪ ಟೈರು, ಎದೆಮಟ್ಟದ ಹ್ಯಾಂಡಲ್, ಅದರ ಅಡ್ಡ ಕಂಬಿಗೆ ಸ್ಪಂಜಿನ ದಿಂಬು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ಅಜ್ಜಿ ಒಂದು ಸುತ್ತು ಬಂದು ನೋಡಿ, ‘ಇದಕ್ಕೆ ಇನ್ನೂ ಅರ್ಧ ಸಾಮಾನು ಹಾಕಿಯೇ ಇಲ್ಲವಲ್ಲ’ ಎಂದರು.

ಬಿಎಂಎಕ್ಸ್ ಹುಟ್ಟಿದ ಕಥೆ ನಮಗೆ ಆಗ ಗೊತ್ತಿರಲಿಲ್ಲ. 1970ರ ಆಸುಪಾಸಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಕ್ಕಳು, ದೊಡ್ಡವರ ಮೋಟೋಕ್ರಾಸ್ ಬೈಕ್ ರೇಸು ನೋಡಿ, ತಮ್ಮ ಪುಟ್ಟ ಸೈಕಲ್ಲುಗಳನ್ನು ಮಣ್ಣಿನ ಗುಡ್ಡೆಗಳ ಮೇಲೆ ಹತ್ತಿಸಿ ಹಾರಿಸಲು ತೊಡಗಿದ್ದರಂತೆ. ಮುನ್ನೂರು ನಾನ್ನೂರು ಮೀಟರಿನ ಮಣ್ಣಿನ ಟ್ರ್ಯಾಕು, ಏರು, ತಗ್ಗು, ತಿರುವು. ಅರ್ಧ ಮುಕ್ಕಾಲು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಅದಕ್ಕೆಂದೇ ಕಟ್ಟಿದ ಸೈಕಲ್ ಅದು. ನಮ್ಮ ಕೈಗೆ ಸಿಕ್ಕಿದ್ದು ಅದರ ದೇಸಿ ತಮ್ಮ. ಆಕಾರ ರೇಸಿನದು, ಗೇರು ಮಾತ್ರ ಮಕ್ಕಳು ಮನೆಯ ಮುಂದೆ ಸುತ್ತುಹಾಕಲೆಂದು ಇಟ್ಟದ್ದು.

ಗೇರಿನ ಈ ವಿಷಯ ತಮ್ಮನಿಗೆ ಗೊತ್ತಾದದ್ದು ದೀಪಾವಳಿಯ ಹೊತ್ತಿಗೆ. ನಮ್ಮ ಸೊರಬ, ಶಿಕಾರಿಪುರದ ಕಡೆ ದೀಪಾವಳಿ ಅಂದರೆ ಹೋರಿ ಬೆದರಿಸುವ ಹಬ್ಬದ ಕಾಲ. ಕೊಬ್ಬರಿ ಹಾರ, ಬಲೂನು, ಗೆಜ್ಜೆ ಕಟ್ಟಿದ ಹೋರಿಗಳು ಜನರ ನಡುವೆ ನುಗ್ಗುತ್ತವೆ. ಯಾವ ಊರಿನ ಹೋರಿ ಎಷ್ಟು ಓಡಿತು ಎಂಬುದೇ ತಿಂಗಳುಗಟ್ಟಲೆ ಮಾತು. ಆ ಅಮಲಿನಲ್ಲೇ ನಮ್ಮ ಹುಡುಗರ ಸಂಘದವರು ಸೈಕಲ್ ಸ್ಪರ್ಧೆ ಇಟ್ಟರು. ಒಂದು ನಿಧಾನ ಸೈಕಲ್, ಇನ್ನೊಂದು ಜೋರು ಸೈಕಲ್. ಜೋರಿನ ದಾರಿ ಹೀಗೆ: ಶಾಲೆಯ ಮುಂದಿನಿಂದ ಹೊರಟು ಕೆರೆ ಏರಿಯ ಮೇಲೆ ಸಪಾಟಾಗಿ ಹೋಗಿ, ಮೋರಿಯ ತಗ್ಗಿಗೆ ಇಳಿದು, ಜಂಬಿಟ್ಟಿಗೆಯ ದಿಬ್ಬ ಹತ್ತಿ, ಅರಳಿಕಟ್ಟೆ ಸುತ್ತಿ, ಬಂದ ದಾರಿಯಲ್ಲೇ ವಾಪಸು. ಎಲ್ಲ ಸೇರಿ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಹುಮಾನ ಸ್ಟೀಲಿನ ಬಿಂದಿಗೆ.

ತಮ್ಮ ಆ ದಾರಿಯಲ್ಲಿ ಡೇರಿಗೆ ಹಾಲು ಹಾಕುವ ಹುಡುಗನ ಜೊತೆ ಓಡಿಸಿ ನೋಡಿದ. ಹಾಲಿನ ಹುಡುಗ ಅಟ್ಲಾಸಿನ ಸೀಟಿನಿಂದ ಏಳದೆ, ಆರಾಮವಾಗಿ ಕಾಲು ಒತ್ತುತ್ತಾ ಹೋದ. ನಮ್ಮವನ ಕಾಲು ಮಜ್ಜಿಗೆಯ ಕಡೆಗೋಲಿನಂತೆ ತಿರುಗಿದ್ದೇ ತಿರುಗಿದ್ದು, ಸೈಕಲ್ ಮಾತ್ರ ಮುಂದೆ ಹೋಗಲೊಲ್ಲದು. ಇಳಿಜಾರಿನಲ್ಲಂತೂ ಪೆಡಲಿಗೆ ಭಾರವೇ ಸಿಗದೆ ಖಾಲಿ ಸುತ್ತಿತು. ಮನೆಗೆ ಬಂದವನೇ, ‘ಮುಂದಿನ ಚಕ್ರ ದೊಡ್ಡದು ಹಾಕಿಸಬೇಕು’ ಎಂದು ಹಟ ಹಿಡಿದ. ಅಟ್ಟದ ಮೇಲೆ ಅಜ್ಜನ ಕಾಲದ ಹಳೆಯ ಸೈಕಲಿನ 48 ಹಲ್ಲಿನ ಚೈನ್‌ವೀಲು ಕ್ರ್ಯಾಂಕ್ ಸಮೇತ ಬಿದ್ದಿತ್ತು. ಊಟದ ತಟ್ಟೆಯಷ್ಟಗಲದ ಆ ಚಕ್ರವನ್ನು ಗೋಣಿಚೀಲಕ್ಕೆ ಹಾಕಿ, ಬಿಎಂಎಕ್ಸ್ ತಳ್ಳಿಕೊಂಡು, ನಾವಿಬ್ಬರೂ ಪೇಟೆಗೆ ಹೋದೆವು.

ಪೇಟೆಯ ಸೈಕಲ್ ಶಾಪಿನಲ್ಲಿ ಒಬ್ಬ ಅಜ್ಜ ಇದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ಟ್ಯೂಬಿನ ದಾರ ಕಟ್ಟಿಕೊಂಡಿದ್ದರು. ಪಂಕ್ಚರ್ ಹಾಕಲು ಬಂದವರಿಗೂ ಪ್ರಶ್ನೆ ಕೇಳದೆ ಬಿಡುವವರಲ್ಲ. ತಮ್ಮ 48ರ ಚಕ್ರವನ್ನು ಹೊರತೆಗೆದು ಮುಂದಿಟ್ಟ. ಅಜ್ಜ ಅದರ ಕಡೆ ನೋಡಲೇ ಇಲ್ಲ.

‘ಈಗ ಇರೋದು ಎಷ್ಟು ಹಲ್ಲು?’

ತಮ್ಮ ಎಣಿಸಿರಲಿಲ್ಲ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆವು. ಮುಂದೆ 36. ಹಿಂದಿನ ಫ್ರೀವೀಲಿನದು 18.

ಅಜ್ಜ ಸೈಕಲನ್ನು ತಲೆಕೆಳಗು ನಿಲ್ಲಿಸಿದರು. ಹಿಂದಿನ ಗಾಲಿಯ ವಾಲ್‌ಟ್ಯೂಬನ್ನು ಮೇಲಕ್ಕೆ ತಂದು, ‘ನಾನು ಪೆಡಲ್ ಒಂದೇ ಸುತ್ತು ತಿರುಗಿಸ್ತೀನಿ, ವಾಲ್ ಎಷ್ಟು ಸಲ ಮೇಲೆ ಬರ್ತದೆ ಎಣಿಸು’ ಎಂದರು. ಸರಿಯಾಗಿ ಎರಡು ಸಲ ಬಂತು. ‘36ನ್ನ 18ರಿಂದ ಭಾಗಿಸು. ಅಲ್ಲೂ ಎರಡೇ.’ ಗಣಿತದ ಪುಸ್ತಕದಲ್ಲಿ ಅನುಪಾತ ಎಂದು ಓದಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಆಮೇಲೆ ಸೈಕಲನ್ನು ನೆಟ್ಟಗೆ ನಿಲ್ಲಿಸಿ ಅಂಗಡಿಯ ಮುಂದಿನ ಸಿಮೆಂಟ್ ನೆಲಕ್ಕೆ ತಂದರು. ಹಿಂದಿನ ಟೈರು ನೆಲ ಮುಟ್ಟುವ ಕಡೆ ಒಂದು ಗೀಟು. ಬಲಪೆಡಲ್ ಕೆಳಗೆ ಇಟ್ಟು, ತಮ್ಮನನ್ನು ಸೀಟಿನ ಮೇಲೆ ಕೂರಿಸಿ, ಪೆಡಲ್ ಒಂದು ಸುತ್ತು ಮುಗಿಸಿ ಮತ್ತೆ ಕೆಳಗೆ ಬರುವವರೆಗೆ ಸೈಕಲನ್ನು ಮೆಲ್ಲಗೆ ತಳ್ಳಿಸಿದರು. ಅಲ್ಲಿ ಇನ್ನೊಂದು ಗೀಟು. ಟೇಪು ಹಿಡಿದರೆ ಮೂರು ಮೀಟರಿನ ಮೇಲೆ ಹತ್ತು ಸೆಂಟಿಮೀಟರ್. ಪಂಕ್ಚರಿಗೆ ಬಂದಿದ್ದ ಯಾರದೋ ಅಟ್ಲಾಸನ್ನೂ ಹಾಗೆಯೇ ತಳ್ಳಿದರು. ಅದಕ್ಕೆ ಮುಂದೆ 44, ಹಿಂದೆ 18, ಗಾಲಿ 28 ಇಂಚು. ಗೀಟು ಬಿದ್ದದ್ದು ಐದು ಮೀಟರ್ ನಲವತ್ತು ಸೆಂಟಿಮೀಟರಿನ ಹತ್ತಿರ.

‘ನೋಡ್ದೇನಾ? ನೀನು ಕಾಲು ಒಂದು ಸಲ ತಿರುಗಿಸಿ ಇಲ್ಲಿಗೆ ಬಂದೆ, ಅವನು ಅಲ್ಲಿಗೆ ಹೋದ. ನೀನು ನಿಮಿಷಕ್ಕೆ ತೊಂಬತ್ತು ಸಲ ತಿರುಗಿಸಿದ್ರೂ ಅವನು ಐವತ್ತೆರಡು ಸಲ ತಿರುಗಿಸಿ ನಿನ್ನ ಪಕ್ಕದಲ್ಲೇ ಇರ್ತಾನೆ.’ ಅಜ್ಜ ಇದನ್ನು ಬಾಯಲ್ಲೇ ಹೇಳಿದರು. ನಾನು ಮನೆಗೆ ಬಂದು ಕಾಗದದ ಮೇಲೆ ಮಾಡಿ ನೋಡಿದೆ, ತಪ್ಪಿರಲಿಲ್ಲ. ಎರಡೂ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗ.

ತಮ್ಮನಿಗೆ ಹುರುಪು ಬಂತು. ‘ಹಂಗಾದ್ರೆ 48 ಹಾಕಿ, ಹಿಂದೆ ಇರೋದ್ರಲ್ಲೇ ಸಣ್ಣದು ಹಾಕಿ.’

‘ಹಾಕ್ಬಹುದು. ಈ ಹಬ್ಬಿಗೆ ಹದಿನಾರಕ್ಕಿಂತ ಸಣ್ಣ ಫ್ರೀವೀಲ್ ಕೂರಲ್ಲ, ಥ್ರೆಡ್ಡಿನ ಸುತ್ತು ದಪ್ಪ ಐತೆ. 48ಕ್ಕೆ 16, ಮೂರು ಸುತ್ತು. ನಾಲ್ಕು ಮೀಟರ್ ಅರವತ್ತೈದು. ಆದ್ರೆ ದಿಬ್ಬ ಯಾರು ಹತ್ತೋದು?’

ಇಲ್ಲಿಂದ ಮುಂದೆ ಅಂಗಡಿಯ ಕದದ ಹಿಂಭಾಗವೇ ಕಪ್ಪುಹಲಗೆ ಆಯಿತು. ಅಜ್ಜನ ಬಳಿ ಮುಂದಕ್ಕೆ ಹಾಕಲು 36, 44 ಇದ್ದವು, ನಮ್ಮ ಚೀಲದಲ್ಲಿ 48. ಹಿಂದಕ್ಕೆ 16, 18, 20. ಒಂದೊಂದನ್ನೂ ಜೋಡಿ ಮಾಡಿ ಬರೆದರು. 36ಕ್ಕೆ 18 ಹಾಕಿದರೆ 2. 44ಕ್ಕೆ 20 ಹಾಕಿದರೆ 2.2, 36ಕ್ಕೆ 16 ಹಾಕಿದರೆ 2.25. ‘ಈ ಎರಡರಲ್ಲಿ ವ್ಯತ್ಯಾಸ ಕೂದಲೆಳೆ. ಒಂದಕ್ಕೆ ಮುಂದೆ ಹಿಂದೆ ಎರಡೂ ಬದಲು ಮಾಡ್ಬೇಕು, ಇನ್ನೊಂದಕ್ಕೆ ಹಿಂದಿಂದು ಒಂದೇ ಸಾಕು. ನೋಡೋರಿಗೆ 44 ದೊಡ್ಡದು ಕಾಣ್ತದೆ, ಓಡ್ಸೋನಿಗೆ ಎರಡೂ ಒಂದೇ.’ 44ಕ್ಕೆ 18 ಹಾಕಿದರೆ 2.44. 48ಕ್ಕೆ 18 ಹಾಕಿದರೆ 2.67. 44ಕ್ಕೆ 16 ಹಾಕಿದರೆ 2.75. ಕೊನೆಯದು ತಮ್ಮನ ಆಸೆಯ 3.

ಆ ಪಟ್ಟಿಯಲ್ಲಿ ಒಂದು ಸಂಗತಿ ನನಗೆ ಹೊಸದು. ಮುಂದಿನ ದೊಡ್ಡ ಚಕ್ರಕ್ಕೆ ಎರಡು ಮೂರು ಹಲ್ಲು ಸೇರಿಸಿದರೆ ಆಗುವಷ್ಟು ಬದಲಾವಣೆ, ಹಿಂದಿನ ಸಣ್ಣದರಲ್ಲಿ ಒಂದೇ ಹಲ್ಲು ಕಡಿಮೆ ಮಾಡಿದರೆ ಆಗಿಬಿಡುತ್ತದೆ. ಹಿಂದಿನದನ್ನು ಮುಟ್ಟುವಾಗ ಕೈ ಬಿಗಿಹಿಡಿಯಬೇಕು ಎಂದು ಅಜ್ಜ ಹೇಳುತ್ತಿದ್ದದ್ದು ಇದಕ್ಕೇ. ಮತ್ತೊಂದು ಸಂಗತಿಯನ್ನು ಅವರು ಹೇಳಲಿಲ್ಲ, ತಮ್ಮನ ಕಾಲಿಂದಲೇ ಹೇಳಿಸಿದರು. ಅನುಪಾತ 2ರಿಂದ 2.75ಕ್ಕೆ ಹೋದರೆ ಒಂದು ಸುತ್ತಿಗೆ ಹೋಗುವ ದೂರ ನೂರಕ್ಕೆ ಮೂವತ್ತೇಳರಷ್ಟು ಹೆಚ್ಚುತ್ತದೆ. ಅದೇ ದಿಬ್ಬವನ್ನು ಹತ್ತಲು ಪೆಡಲಿನ ಮೇಲೆ ಹಾಕಬೇಕಾದ ಒತ್ತಡವೂ ಅಷ್ಟೇ ಹೆಚ್ಚುತ್ತದೆ. ಗೇರು ವೇಗವನ್ನು ಹುಟ್ಟಿಸುವುದಿಲ್ಲ. ಕಾಲಿನಲ್ಲಿ ಇರುವುದನ್ನೇ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಹಾಕುತ್ತದೆ.

‘ಮೊದ್ಲು 44ಕ್ಕೆ 16 ಹಾಕಿ ಕೊಡ್ತೀನಿ. ದಿಬ್ಬದ ಬುಡದಲ್ಲಿ ನಿಂತು ಹತ್ತು. ಹತ್ತಿದ್ರೆ 48ರ ಮಾತು’ ಎಂದರು ಅಜ್ಜ.

ಫ್ರೀವೀಲು ಬಿಚ್ಚುವುದನ್ನು ನೀವು ನೋಡಿದ್ದೀರೋ ಇಲ್ಲವೋ. ನಾವು ಪೆಡಲ್ ಒತ್ತಿದಷ್ಟೂ ಅದು ಹಬ್ಬಿನ ಮೇಲೆ ಬಿಗಿಯುತ್ತಲೇ ಹೋಗುತ್ತದೆ. ಬೆಂಗಳೂರಿನ ಹುಡುಗ ವರ್ಷಗಟ್ಟಲೆ ಒತ್ತಿ ಬಿಗಿಸಿದ್ದ ಫ್ರೀವೀಲು ಅದು. ಅಜ್ಜ ಎರಡು ಕೊಂಬಿನ ಬಿಚ್ಚುಗವನ್ನು ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನು ಅದರ ಮೇಲೆ ಮಲಗಿಸಿ ಕೂರಿಸಿದರು. ಆಮೇಲೆ ಟೈರನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸಿನ ಸ್ಟೇರಿಂಗ್ ತಿರುಗಿಸಿದಂತೆ ಎಡಕ್ಕೆ ಒಂದೇ ಜಗ್ಗು. ಟಕ್ ಎಂದಿತು. ಅಷ್ಟೇ, ಉಳಿದದ್ದು ಬೆರಳಲ್ಲೇ ಬಿಚ್ಚಿಕೊಂಡಿತು.

ಮುಂದಿನ ಕೆಲಸ ಇನ್ನೂ ನಾಜೂಕು. ನಮ್ಮ ಸೈಕಲ್ಲುಗಳಲ್ಲಿ ಚೈನ್‌ವೀಲು ಬಲಗಡೆ ಕ್ರ್ಯಾಂಕಿಗೆ ಅಂಟಿಕೊಂಡೇ ಬರುತ್ತದೆ. ಹಾಗಾಗಿ ಹಲ್ಲು ಬದಲಾಯಿಸುವುದೆಂದರೆ ಕ್ರ್ಯಾಂಕನ್ನೂ ಬದಲಾಯಿಸಿದ ಹಾಗೆ. 48ರ ಕ್ರ್ಯಾಂಕನ್ನು ಬಿಎಂಎಕ್ಸಿನ ಪಕ್ಕ ಹಿಡಿದು ತೋರಿಸಿದರು. ದೊಡ್ಡವರ ಕಾಲಿಗೆ ಮಾಡಿದ ಉದ್ದನೆಯ ಕ್ರ್ಯಾಂಕ್. ಗಿಡ್ಡ ಸೈಕಲಿಗೆ ಹಾಕಿದರೆ ಪೆಡಲ್ ನೆಲಕ್ಕೆ ಇನ್ನೂ ಹತ್ತಿರ. ‘ಕಟ್ಟೆ ಸುತ್ತುವಾಗ ಸೈಕಲ್ ವಾಲಿಸ್ತೀಯಲ್ಲ, ಆಗ ಪೆಡಲ್ ನೆಲಕ್ಕೆ ಬಡಿದು ನೀನು ಕಟ್ಟೆ ಮೇಲೆ, ಸೈಕಲ್ ಗದ್ದೆಲಿ.’ ಅವರ ಬಳಿ ಇದ್ದ 44 ಯಾವುದೋ 24 ಇಂಚಿನ ಹಳೆಯ ಸೈಕಲಿನದು, ಕ್ರ್ಯಾಂಕ್ ಗಿಡ್ಡ. ಅದರ ಎಡಗಾಲಿನ ಜೊತೆಯೂ ಸಿಕ್ಕಿತು. ಕಾಟರ್ ಪಿನ್ನಿನ ನಟ್ಟನ್ನು ತುದಿಯವರೆಗೆ ಸಡಿಲಿಸಿ, ಕ್ರ್ಯಾಂಕಿನ ಅಡಿಗೆ ಕಬ್ಬಿಣದ ತುಂಡು ಊರೆಕೊಟ್ಟು, ಸುತ್ತಿಗೆಯಿಂದ ಒಂದೇ ಏಟು. ಹೊಸ ಪಿನ್ನಿನ ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ, ಹಾಕಿ ನೋಡಿ, ತೆಗೆದು ಮತ್ತೆ ಉಜ್ಜಿ, ಎರಡೂ ಕ್ರ್ಯಾಂಕು ಒಂದೇ ಗೆರೆಯಲ್ಲಿ ನಿಲ್ಲುವವರೆಗೆ ಬಿಡಲಿಲ್ಲ. ಎಡದ ಪಿನ್ನು ಬಲದ್ದಕ್ಕೆ ಎದುರುಬದುರಾಗಿ ಹೋಗಬೇಕು. ಇಲ್ಲವಾದರೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಉಳಿದು ಓಡಿಸುವವನು ಕುಂಟುತ್ತಾನೆ.

ಇನ್ನು ಚೈನು. ಚೈನಿನ ಒಂದೊಂದು ಕೊಂಡಿ ಅರ್ಧ ಇಂಚು, ಒಳಕೊಂಡಿ ಹೊರಕೊಂಡಿ ಜೋಡಿಯಾಗಿಯೇ ಬರುವುದರಿಂದ ಒಂದೊಂದೇ ಇಂಚು ಸೇರಿಸಬೇಕು. ಹಲ್ಲಿನ ಅರ್ಧ ಸುತ್ತನ್ನು ಮಾತ್ರ ಚೈನು ತಬ್ಬುತ್ತದೆ. ಮುಂದೆ ಎಂಟು ಹಲ್ಲು ಹೆಚ್ಚಾಯಿತು, ಅದಕ್ಕೆ ನಾಲ್ಕು ಕೊಂಡಿ. ಹಿಂದೆ ಎರಡು ಕಡಿಮೆಯಾಯಿತು, ಒಂದು ಕೊಂಡಿ ವಜಾ. ಬೇಕಾದದ್ದು ಮೂರು. ಬೆಸಸಂಖ್ಯೆ ಆಗದಲ್ಲ, ನಾಲ್ಕು ಸೇರಿಸಿ, ಮಿಕ್ಕ ಸಡಿಲವನ್ನು ಹಿಂದಿನ ಗಾಲಿಯನ್ನು ಕಾಲು ಇಂಚು ಹಿಂದಕ್ಕೆ ಜರುಗಿಸಿ ಬಿಗಿ ಮಾಡಿದರು. ಲಾಕಿನ ಬಾಯಿ ಹಿಂದಕ್ಕೆ, ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರುವಂತೆ ಕೂರಿಸಿ, ಚೈನನ್ನು ನಡುವೆ ಹಿಡಿದು ಎತ್ತಿ ನೋಡಿದರು. ಅರ್ಧ ಇಂಚು ಆಡಿದರೆ ಸಾಕು. ತಂತಿಯ ಹಾಗೆ ಬಿಗಿದರೆ ಕಾಲಿನ ಬಲ ಚೈನಿಗೇ ಖರ್ಚು.

ಅಂದು ಸಂಜೆಯೇ ದಿಬ್ಬದ ಬುಡದಲ್ಲಿ ಪರೀಕ್ಷೆ. ಕೆರೆ ಏರಿಯ ಮೇಲೆ ಸೈಕಲ್ ಹಾರಿದ ಹಾಗೆ ಬಂತು. ತಮ್ಮ ಕೂಗುತ್ತಾ ಬಂದ. ಮೋರಿ ಇಳಿದು ಅದೇ ರಭಸದಲ್ಲಿ ದಿಬ್ಬದ ಮೂರನೇ ಒಂದು ಭಾಗ ಏರಿದ. ಆಮೇಲೆ ಪೆಡಲ್ ಭಾರವಾಯಿತು. ಎದ್ದು ನಿಂತು ತುಳಿದ. ಹ್ಯಾಂಡಲ್ ಎಡಕ್ಕೆ ಬಲಕ್ಕೆ ಎಳೆದಾಡಿತು, ಹಿಂದಿನ ಟೈರು ಕೆಮ್ಮಣ್ಣಿನ ಕಲ್ಲುಪುಡಿಯ ಮೇಲೆ ಒಮ್ಮೆ ಜಾರಿತು, ಸೈಕಲ್ ನಿಂತೇ ಹೋಯಿತು. ಅಲ್ಲೇ ನಿಂತು ಮತ್ತೆ ಹೊರಡಲು ನೋಡಿದ. ಪೆಡಲ್ ಅವನ ಮೈಭಾರಕ್ಕೆ ಜಗ್ಗಲಿಲ್ಲ. ಆ ವಯಸ್ಸಿನಲ್ಲಿ ಅವನ ತೂಕವಾದರೂ ಎಷ್ಟಿತ್ತು? ಇಳಿದು ತಳ್ಳಿಕೊಂಡು ಹೋದ. 48ರ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಅಜ್ಜ 16 ತೆಗೆದು ಹಳೆಯ 18ನ್ನೇ ಹಾಕಿದರು. ಸೇರಿಸಿದ್ದ ನಾಲ್ಕು ಕೊಂಡಿ ಈಗ ಲೆಕ್ಕಕ್ಕೆ ಸರಿಯಾಗಿ ಕೂತಿತು, ಗಾಲಿ ಮೊದಲಿನ ಜಾಗಕ್ಕೆ ಬಂತು. 44ಕ್ಕೆ 18. ಒಂದು ಸುತ್ತಿಗೆ ಮೂರು ಮೀಟರ್ ಎಂಬತ್ತರ ಹತ್ತಿರ. ದಿಬ್ಬವನ್ನು ಎದ್ದು ನಿಂತು ತುಳಿದರೆ ಹತ್ತುತ್ತಿತ್ತು, ಸಪಾಟಿನಲ್ಲಿ ಕಾಲಿಗೆ ಭಾರ ಸಿಗುತ್ತಿತ್ತು. ‘ಇದು ಅಟ್ಲಾಸಿಗೆ ಇರೋದೇ ಅಲ್ವಾ’ ಎಂದು ತಮ್ಮ ಮುಖ ಸಣ್ಣ ಮಾಡಿದ. ಹೌದು, ಹಲ್ಲಿನ ಲೆಕ್ಕ ಎರಡಕ್ಕೂ ಒಂದೇ. ಗಾಲಿ ಮಾತ್ರ ಒಂದರದು 20, ಇನ್ನೊಂದರದು 28. ಇಂಗ್ಲೆಂಡಿನವರು ಎತ್ತರದ ಮುಂಗಾಲಿಯ ಹಳೆಯ ಸೈಕಲ್ಲುಗಳ ಕಾಲದಿಂದ ಗೇರನ್ನು ಇಂಚಿನಲ್ಲಿ ಹೇಳುತ್ತಾ ಬಂದದ್ದು ಈ ಕಾರಣಕ್ಕೇ: ಅನುಪಾತವನ್ನು ಗಾಲಿಯ ವ್ಯಾಸದಿಂದ ಗುಣಿಸುವುದು. ಆ ಲೆಕ್ಕದಲ್ಲಿ ತಮ್ಮನದು 49, ಹಾಲಿನ ಹುಡುಗನದು 68. ಅಮೆರಿಕದ ರೇಸಿನ ಹುಡುಗರು 20 ಇಂಚಿನ ಗಾಲಿಗೆ 44, 16 ಹಾಕಿ 55ಕ್ಕೆ ನಿಲ್ಲಿಸುತ್ತಿದ್ದರು ಎಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಅವರಿಗೆ ಹೊರಡುವಾಗಲೇ ಇಳಿಜಾರಿನ ರ‍್ಯಾಂಪು ಇರುತ್ತಿತ್ತು, ನಮಗೆ ಇದ್ದದ್ದು ಶಾಲೆಯ ಮುಂದಿನ ಮರಳು.

ಸ್ಪರ್ಧೆಯ ದಿನ ಮೊದಲು ನಿಧಾನ ಸೈಕಲ್. ಇದು ಗೇರಿನ ಆಟವೇ, ಉಲ್ಟಾ. ಕಾಲು ನೆಲಕ್ಕೆ ತಾಗಬಾರದು, ಗೆರೆ ದಾಟಬಾರದು, ಕೊನೆಗೆ ಮುಟ್ಟಿದವನು ಗೆದ್ದ. ಅಟ್ಲಾಸಿನವರು ಪೆಡಲನ್ನು ಚೂರು ಅಲುಗಿಸಿದರೂ ಗಾಲಿ ಮೊಳದುದ್ದ ಮುಂದೆ ಹೋಗುತ್ತಿತ್ತು, ತಡೆದರೆ ಬೀಳುತ್ತಿದ್ದರು. ತಮ್ಮನೂ ಬಿದ್ದ. ಹಳೆಯ 36ಕ್ಕೆ 18 ಇದ್ದಿದ್ದರೆ ಅವನಿಗೆ ಅಲ್ಲೊಂದು ಬಹುಮಾನ ಇತ್ತೋ ಏನೋ. ಗೆದ್ದದ್ದು ಬಾಡಿಗೆಯ ಅರ್ಧ ಸೈಕಲಿನಲ್ಲಿ ಬಂದಿದ್ದ ನಾಲ್ಕನೇ ಕ್ಲಾಸಿನ ಹುಡುಗಿ. ಅವಳು ಗೆರೆ ಮುಟ್ಟುವ ಹೊತ್ತಿಗೆ ಜನ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾಗಿದ್ದರು.

ಆಮೇಲೆ ಜೋರಿನದು. ಸೀಟಿ ಊದಿದ ಕೂಡಲೇ ಬಿಎಂಎಕ್ಸ್ ಮುಂದೆ. ಸಣ್ಣ ಗಾಲಿ, ಸಣ್ಣ ಗೇರು, ನಿಂತಲ್ಲಿಂದ ಚಿಮ್ಮುವುದು ಅದರ ಜಾತಿ. ಅಟ್ಲಾಸುಗಳು ಸಾವರಿಸಿಕೊಂಡು ವೇಗ ಹಿಡಿಯುವಷ್ಟರಲ್ಲಿ ತಮ್ಮ ಏರಿಯ ಮೇಲೆ ಹತ್ತು ಮಾರು ದೂರ. ಏರಿಯ ನಡುವಿಗೆ ಬರುವಾಗ ಹಾಲಿನ ಹುಡುಗ ಅವನ ಪಕ್ಕ ಬಂದ, ದಾಟಿದ. ಮೋರಿಯ ಇಳಿಜಾರಿನಲ್ಲಿ ಇನ್ನಷ್ಟು ದೂರ ಹೋದ. ದಿಬ್ಬ ಶುರುವಾಯಿತು. ಅಟ್ಲಾಸಿನವರು ಒಬ್ಬೊಬ್ಬರಾಗಿ ಏದುಸಿರು ಬಿಡುತ್ತಾ ಓಲಾಡತೊಡಗಿದರು, ಇಬ್ಬರು ಇಳಿದೇಬಿಟ್ಟರು. ತಮ್ಮ ಎದ್ದು ನಿಂತು, ಒಂದೇ ತಾಳದಲ್ಲಿ ತುಳಿಯುತ್ತಾ ಎಲ್ಲರನ್ನೂ ಹಿಂದೆ ಹಾಕಿದ. ಅರಳಿಕಟ್ಟೆಯ ತಿರುವಿನಲ್ಲಿ ಬಿಎಂಎಕ್ಸ್ ಮೈ ವಾಲಿಸಿ ಕಟ್ಟೆಯ ಕಲ್ಲಿಗೆ ಒರಸಿಕೊಂಡಂತೆ ತಿರುಗಿತು. ಪೆಡಲ್ ನೆಲಕ್ಕೆ ತಾಗಲಿಲ್ಲ. ಹಾಲಿನ ಹುಡುಗ ಅಗಲವಾಗಿ ಸುತ್ತಿ ಬಂದ.

ಕಟ್ಟೆಯಿಂದ ವಾಪಸು ಇಳಿಯುವಾಗ ನಮ್ಮವನೇ ಮುಂದೆ. ಮೋರಿ ದಾಟಿ ಏರಿಗೆ ಹತ್ತಿದಾಗಲೂ ಅವನೇ ಮುಂದೆ. ಉಳಿದದ್ದು ಸಪಾಟು ಏರಿ, ಆಚೆ ಶಾಲೆ. ಅಲ್ಲಿ ಲೆಕ್ಕ ತನ್ನ ಕೆಲಸ ತೋರಿಸಿತು. ಹಾಲಿನ ಹುಡುಗ ನಿಮಿಷಕ್ಕೆ ಎಪ್ಪತ್ತೈದು ಸುತ್ತು ತುಳಿದರೂ ಗಂಟೆಗೆ 24 ಕಿಲೋಮೀಟರ್ ವೇಗ. ಅದಕ್ಕೆ ಸರಿಸಮ ಹೋಗಲು ತಮ್ಮ ನೂರೈದರ ಮೇಲೆ ತಿರುಗಿಸಬೇಕು. ತಿರುಗಿಸಿದ, ಸ್ವಲ್ಪ ಹೊತ್ತು. ಸೀಟಿನ ಮೇಲೆ ಕುಪ್ಪಳಿಸುತ್ತಾ, ಬಾಯಿ ತೆರೆದುಕೊಂಡು ತಿರುಗಿಸಿದ. ಶಾಲೆಯ ಗೇಟಿನ ಮುಂದೆ ಅಟ್ಲಾಸಿನ ಮುಂಗಾಲಿ ಅವನನ್ನು ದಾಟಿತು. ಬಿಂದಿಗೆ ಹಾಲಿನ ಹುಡುಗನಿಗೆ, ತಮ್ಮನಿಗೆ ಎರಡನೇ ಬಹುಮಾನದ ಸ್ಟೀಲ್ ತಟ್ಟೆ. ದೊಡ್ಡ ಹುಡುಗರ ನಡುವೆ ಅವನೊಬ್ಬನೇ ಚಡ್ಡಿಯವನು ಎಂಬುದನ್ನು ಮಾತ್ರ ಊರು ಮರೆಯಲಿಲ್ಲ.

ಅಜ್ಜನ ಸೀಮೆಸುಣ್ಣದ ಲೆಕ್ಕ ಅಂಗಡಿಯ ಹುಚ್ಚು ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಜಗತ್ತಿನ ರಸ್ತೆ ಸೈಕಲ್ ರೇಸುಗಳಲ್ಲಿ ಜೂನಿಯರುಗಳ ಗೇರನ್ನು ಇತ್ತೀಚಿನವರೆಗೂ ಅಳೆಯುತ್ತಿದ್ದದ್ದು ಹೀಗೆಯೇ ಎಂದು. ಬೆಳೆಯುವ ಮಕ್ಕಳ ಮೊಣಕಾಲು ಹಾಳಾಗದಿರಲಿ ಎಂದು, ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗುವಂತಿರಲಿಲ್ಲ. ನೆಲದ ಮೇಲೆ ಗೆರೆ ಹಾಕಿ, ಸೈಕಲನ್ನು ಒಂದು ಸುತ್ತು ತಳ್ಳಿ, ಗೆರೆ ದಾಟಿದರೆ ಹೊರಗೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಬಿಎಂಎಕ್ಸ್ ಬಂದು, ಲಾಟ್ವಿಯಾದ ಮಾರಿಸ್ ಸ್ಟ್ರೊಂಬರ್ಗ್ಸ್ ಪುರುಷರ ಮೊದಲ ಚಿನ್ನ ಗೆದ್ದಾಗ ನಾನೂ ತಮ್ಮನೂ ಟಿವಿಯ ಮುಂದೆ ಕೂತು ನೋಡಿದ್ದು ಅವರ ಮುಖವನ್ನಲ್ಲ, ಚೈನ್‌ವೀಲನ್ನು. ಅದಕ್ಕೂ ಮೊದಲು, 2006-07ರಲ್ಲಿ, ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ತೊಡಗಿತ್ತು. ನಮ್ಮ ಕಡೆಯ ಶಾಲೆಗಳ ಮುಂದೆ ಸೈಕಲ್ ಸಾಲುಸಾಲು ನಿಂತವು, ದೂರದ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ತಾವೇ ಹೋಗಿ ಬರುವಂತಾಯಿತು. ಅವೂ ಒಂದೇ ಗೇರಿನವು. ದಿಬ್ಬ ಬಂದಾಗ ಇಳಿದು ತಳ್ಳುವ ಮಕ್ಕಳನ್ನು ಕಂಡರೆ, ಹಿಂದಿನದಕ್ಕೆ ಎರಡು ಹಲ್ಲು ಹೆಚ್ಚಿಗೆ ಇರಬೇಕಿತ್ತು ಎಂದು ಈಗಲೂ ನನ್ನ ಬಾಯಿಗೆ ಬರುತ್ತದೆ.

ಹಾಂ, ಮರುವರ್ಷದ್ದು ಹೇಳಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ದಾರಿಗೆ ಡಾಂಬರು ಬಿತ್ತು. ತಮ್ಮನೂ ಒಂದು ಮಳೆಗಾಲದಲ್ಲಿ ಗೇಣುದ್ದ ಬೆಳೆದು, ತೋಟದ ಕೆಲಸಕ್ಕೆ ಹೋಗಿ ತೊಡೆ ಗಟ್ಟಿಮಾಡಿಕೊಂಡಿದ್ದ. ದೀಪಾವಳಿ ಹತ್ತಿರ ಬಂದಾಗ ಅಜ್ಜ ಅವನನ್ನು ದಿಬ್ಬ ಹತ್ತಿಸಿ ನೋಡಿ, ತಾವಾಗಿಯೇ 18 ತೆಗೆದು 16 ಹಾಕಿದರು. ಸೈಕಲ್ ಅದೇ, ದಿಬ್ಬ ಅದೇ. ಹಿಂದಿನ ವರ್ಷ ಇಳಿಸಿ ತಳ್ಳಿಸಿದ್ದ ಗೇರೂ ಅದೇ. ಈ ಸಲ ಡಾಂಬರಿನ ಮೇಲೆ ಟೈರು ಜಾರಲಿಲ್ಲ, ಕಾಲು ಸೋಲಲಿಲ್ಲ. ಏರಿಯ ಸಪಾಟಿನಲ್ಲಿ ಹಾಲಿನ ಹುಡುಗ ಪಕ್ಕಕ್ಕೆ ಬಂದ, ದಾಟಲಾಗಲಿಲ್ಲ. ಬಿಂದಿಗೆ ನಮ್ಮ ಮನೆಗೆ ಬಂತು. ಚಿಕ್ಕಮ್ಮ ಅದನ್ನು ಬಾವಿಕಟ್ಟೆಗೆ ಒಯ್ಯುವಾಗ ಬೇಕೆಂದೇ ಸುತ್ತು ದಾರಿಯಲ್ಲಿ ಹೋಗುತ್ತಿದ್ದರು.

ಅಲ್ಲಿಂದ ಸುತ್ತಮುತ್ತಲ ಹಳ್ಳಿಯ ಹುಡುಗರಿಗೆಲ್ಲ ‘44, 16’ ಮಂತ್ರವಾಯಿತು. ಯಾರ ಮನೆಗೆ ಸಣ್ಣ ಸೈಕಲ್ ಬಂದರೂ ಅದೇ ಬೇಕು. ಒಂದು ದಿನ ಒಬ್ಬ ಅಪ್ಪ ಮಗನ ಸೈಕಲನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ‘ಹೊಸಬಾಳೆ ಹುಡುಗಂಗೆ ಹಾಕಿದ್ದನ್ನೇ ಹಾಕಿ’ ಎಂದು ಅಜ್ಜನ ಮುಂದೆ ಇಳಿಸಿದ.

ಅಜ್ಜ ಸೈಕಲನ್ನು ಒಂದು ಸುತ್ತು ನೋಡಿ, ಗೋಡೆಗೆ ಒರಗಿಸಿಟ್ಟರು.

‘ಸೈಕಲ್ ಇಲ್ಲೇ ಇರ್ಲಿ. ನಾಳೆ ಹುಡುಗನ್ನ ಕಳ್ಸಿ, ಅವನ ಕಾಲಿಗೆ ತಾನೇ ನಾನು ಗೇರು ಹಾಕೋದು.’